ನೆಲಮಾಳಿಗೆಗೆ ಮರದ ನೆಲ: ಮೊದಲು ತೇವ ನೋಡಿ, ಆಮೇಲೆ ಬಣ್ಣ ನೋಡಿ

ರಾಜಘಟ್ಟ: ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಅಂತ ಹಿರಿಯರ ಗಾದೆ. ಈ ಕಾಲಕ್ಕೆ ಮೂರನೆಯದೊಂದನ್ನು ಅದಕ್ಕೆ ಧಾರಾಳವಾಗಿ ಸೇರಿಸಬಹುದು: ನೆಲಮಾಳಿಗೆಗೆ ಮರದ ನೆಲ ಹಾಕಿಸಿ ನೋಡು!

2008ರ ಮೇ ತಿಂಗಳಲ್ಲಿ ದೇವನಹಳ್ಳಿ ಬಳಿ ವಿಮಾನ ನಿಲ್ದಾಣ ಶುರುವಾದ ಮೇಲೆ ದೊಡ್ಡಬಳ್ಳಾಪುರ ಸೀಮೆಯಲ್ಲಿ ಜಾಗದ ಬೆಲೆ ಏರಿದ ಕಥೆ ಎಲ್ಲರಿಗೂ ಗೊತ್ತಿದ್ದದ್ದೇ. ಎಕರೆ ಗುಂಟೆಗಳ ಲೆಕ್ಕ ಹೋಗಿ ಚದರಡಿಯ ಲೆಕ್ಕ ಬಂತು. ಜಾಗ ತುಟ್ಟಿಯಾದ ಕಡೆ ಜನ ಎರಡು ದಾರಿ ಹುಡುಕುತ್ತಾರೆ. ಒಂದು, ಮೇಲಕ್ಕೆ ಕಟ್ಟುವುದು. ಇನ್ನೊಂದು, ಕೆಳಕ್ಕೆ ತೋಡುವುದು. ರಸ್ತೆಯಿಂದ ಇಳಿಜಾರಾಗಿರುವ ಸೈಟಾದರೆ ಅಡಿಯಲ್ಲಿ ಒಂದು ಕೋಣೆ ತಾನಾಗಿಯೇ ಸಿಗುತ್ತದೆ. ಅದು ಅಂಗಡಿಯ ಗೋಡೌನಾಗಬಹುದು, ಹುಡುಗರ ಓದುವ ಕೋಣೆಯಾಗಬಹುದು, ಬಾಡಿಗೆಗೂ ಹೋಗಬಹುದು.

ಕೋಣೆ ಆಯಿತು. ಈಗ ನೆಲಕ್ಕೆ ಏನು ಹಾಕಿಸೋದು? ಬೆಂಗಳೂರಿನ ಯಾವುದೋ ಆಫೀಸಿನಲ್ಲೋ ಬೀಗರ ಫ್ಲ್ಯಾಟಿನಲ್ಲೋ ನೋಡಿ ಬಂದ ಥಳಥಳ ಹೊಳೆಯುವ ಮರದ ಹಲಗೆ ನೆಲ ಕಣ್ಣಲ್ಲಿ ಕೂತಿರುತ್ತದೆ. ಅಂಗಡಿಗೆ ಹೋದರೆ ತೇಗದ ಬಣ್ಣ, ಅಕ್ರೋಟಿನ ಬಣ್ಣ, ಓಕ್ ಬಣ್ಣ ಅಂತ ಇಪ್ಪತ್ತು ಮಾದರಿ ಮುಂದೆ ಹರವುತ್ತಾರೆ. "ಎರಡೇ ದಿನದಲ್ಲಿ ಕೆಲಸ ಮುಗೀತದೆ ಅಣ್ಣ, ಸಿಮೆಂಟಿಲ್ಲ, ಮರಳಿಲ್ಲ, ಧೂಳಿಲ್ಲ" ಅನ್ನುತ್ತಾರೆ. ಇದೆಲ್ಲ ನಿಜವೇ. ಆದರೆ ಅಂಗಡಿಯವರು ಕೇಳದ, ಗಿರಾಕಿಯೂ ಹೇಳದ ಒಂದು ಮಾತು ಉಳಿದುಹೋಗುತ್ತದೆ. ಅದು ತೇವದ ಮಾತು. ನೆಲದಡಿಯ ಕೋಣೆಗೆ ಯಾವ ನೆಲ ಅನ್ನೋದನ್ನು ಗಿರಾಕಿ ತೀರ್ಮಾನಿಸುವುದಿಲ್ಲ, ಅಂಗಡಿಯವನೂ ತೀರ್ಮಾನಿಸುವುದಿಲ್ಲ. ಮಣ್ಣಿನೊಳಗಿನ ನೀರು ತೀರ್ಮಾನಿಸುತ್ತದೆ.

ಯಾವ ಬೇಸ್‌ಮೆಂಟು?

ಮೊದಲು ಮಾತಿನ ಗೊಂದಲ ಬಗೆಹರಿಯಲಿ. ಈ ಕಡೆಯ ಮೇಸ್ತ್ರಿಗಳು "ಬೇಸ್‌ಮೆಂಟ್ ಎಷ್ಟಡಿ ಎತ್ತರಿಸೋಣ?" ಅಂತ ಕೇಳಿದರೆ, ಅದು ಪಾಯದ ಮೇಲೆ ಕಟ್ಟುವ ಕಟ್ಟೆ. ಮನೆಯ ನೆಲ ರಸ್ತೆಗಿಂತ ಎಷ್ಟು ಮೇಲಿರಬೇಕು ಅನ್ನುವ ಲೆಕ್ಕ ಅದು. ಪೇಟೆಯ ಎಂಜಿನಿಯರ್ ಬೇಸ್‌ಮೆಂಟ್ ಅಂದರೆ ನೆಲಮಟ್ಟದ ಕೆಳಗಿನ ಕೋಣೆ, ಅಂದರೆ ನೆಲಮಾಳಿಗೆ. ಒಂದು ಮಣ್ಣಿನಿಂದ ಮೇಲೆದ್ದದ್ದು, ಇನ್ನೊಂದು ಮಣ್ಣಿನೊಳಗೆ ಕೂತದ್ದು. ಮೊದಲನೆಯದರಲ್ಲಿ ಮಳೆ ನೀರು ಇಳಿದು ಆಚೆ ಹೋಗುತ್ತದೆ. ಎರಡನೆಯದರಲ್ಲಿ ನಾಲ್ಕೂ ಗೋಡೆಗೆ ಮಣ್ಣು ಒತ್ತಿಕೊಂಡಿರುತ್ತದೆ, ಮಣ್ಣಿನ ಜೊತೆ ನೀರೂ ಒತ್ತಿಕೊಂಡಿರುತ್ತದೆ. ಅಂಗಡಿಯಲ್ಲಿ ಬರೀ "ಮನೆಗೆ" ಅಂತ ಹೇಳಿ ಸರಕು ತಂದರೆ ಎಡವಟ್ಟು ಅಲ್ಲೇ ಶುರು. ನೆಲದಡಿಯ ಕೋಣೆಗೆ ಅಂತಲೇ ಬಾಯಿಬಿಟ್ಟು ಹೇಳಬೇಕು.

ಹಗೇವು ತೋಡಿದವರ ಬುದ್ಧಿ

ನೆಲದಡಿಯ ಕೋಣೆ ಈ ಸೀಮೆಗೆ ಹೊಸದೇನೂ ಅಲ್ಲ. ಹಳೇ ಮೈಸೂರಿನ ರಾಗಿ ಬೆಳೆಯುವ ಊರುಗಳಲ್ಲಿ ಹಗೇವು ಇತ್ತು. ಬಾಯಿ ಕಿರಿದು, ಹೊಟ್ಟೆ ಅಗಲ. ಒಳಗೆ ಹುಲ್ಲು ಹಾಸಿ, ರಾಗಿ ತುಂಬಿ, ಬಾಯಿಗೆ ಚಪ್ಪಡಿ ಮುಚ್ಚಿ ಮಣ್ಣು ಮೆತ್ತಿದರೆ ವರ್ಷಗಟ್ಟಲೆ ರಾಗಿ ಕೆಡುತ್ತಿರಲಿಲ್ಲ. ಬರಗಾಲದಲ್ಲಿ ಊರನ್ನು ಕಾಯುತ್ತಿದ್ದದ್ದು ಆ ಗುಂಡಿ.

ಅದು ಕೆಡದಿರಲು ಕಾರಣ ಹುಲ್ಲೂ ಅಲ್ಲ, ಚಪ್ಪಡಿಯೂ ಅಲ್ಲ, ಜಾಗ. ಊರಿನ ದಿಣ್ಣೆ ಜಾಗ ನೋಡಿ, ಗಟ್ಟಿ ಮಣ್ಣು ನೋಡಿ, ನೀರು ನಿಲ್ಲದ ಕಡೆಯೇ ಹಗೇವು ತೋಡುತ್ತಿದ್ದರು. ಕೆರೆಯ ಕೆಳಗೆ, ತೋಟದ ಪಕ್ಕ ಯಾರೂ ತೋಡಲಿಲ್ಲ. ಜಾಗ ಒಣಗಿರಬೇಕು, ಆಮೇಲೆ ಉಳಿದದ್ದು. ತೆಗೆಯುವಾಗಲೂ ಅವಸರವಿಲ್ಲ. ಮುಚ್ಚಳ ಸರಿಸಿ ಗಾಳಿ ಆಡಲು ಬಿಟ್ಟು, ಕಟ್ಟಿದ ಗಾಳಿಯಿಂದ ಅಪಾಯವಿಲ್ಲವೆಂದು ದೀಪ ಇಳಿಸಿ ನೋಡಿಕೊಂಡು ಆಮೇಲೆ ಮನುಷ್ಯ ಇಳಿಯುತ್ತಿದ್ದ.

ಇವತ್ತಿನ ನೆಲಮಾಳಿಗೆಗೂ ಇದೇ ಎರಡು ನಿಯಮ: ತೇವ ಮತ್ತು ಗಾಳಿ. ರಾಗಿಗೆ ಹುಲ್ಲು ಹಾಸುವ ಮುಂಚೆ ನೆಲ ಪರೀಕ್ಷೆ ಮಾಡಿದವರ ಮೊಮ್ಮಕ್ಕಳು, ಸಾವಿರಾರು ರೂಪಾಯಿಯ ಹಲಗೆ ಹಾಸುವ ಮುಂಚೆ ಪರೀಕ್ಷೆ ಮಾಡದೆ ಇರುವುದು ತಮಾಷೆಯ ಸಂಗತಿ.

ಇದು ಮರವೂ ಹೌದು, ಕಾಗದವೂ ಹೌದು

ಲ್ಯಾಮಿನೇಟ್ ನೆಲ ಅಂದರೆ ತೇಗದ ಹಲಗೆ ಅಲ್ಲ. ಮರದ ನಾರನ್ನು ರಾಳದ ಜೊತೆ ಬೆರೆಸಿ, ಬಿಸಿ ಮಾಡಿ, ಭಾರಿ ಒತ್ತಡದಲ್ಲಿ ಒತ್ತಿದ ಗಟ್ಟಿ ಹಲಗೆ ಅದರ ಹೊಟ್ಟೆ. ಅದರ ಮೇಲೆ ಮರದ ಚಿತ್ರ ಅಚ್ಚು ಹಾಕಿದ ಕಾಗದ. ಕಾಗದದ ಮೇಲೆ ಮೆಲಮಿನ್ ರಾಳದ ಪಾರದರ್ಶಕ ಪದರ, ಅದರಲ್ಲಿ ಗೀರು ತಡೆಯಲು ಅಲ್ಯೂಮಿನಿಯಂ ಆಕ್ಸೈಡಿನ ನುಣ್ಣನೆ ಪುಡಿ. ತಳಕ್ಕೆ ಇನ್ನೊಂದು ಪದರ, ಹಲಗೆ ಬಾಗದಿರಲಿ ಅಂತ. ಜನ ಸನ್‌ಮೈಕಾ ಅನ್ನುತ್ತಾರಲ್ಲ, ಬೀರು ಮೇಜುಗಳ ಮೇಲೆ ಅಂಟಿಸುವ ಹಾಳೆ, ಇದು ಅದರ ದಾಯಾದಿ. ಆ ಬಗೆಯ ಹಾಳೆಯ ಮೂಲಪುರುಷ 1912ರಲ್ಲಿ ಅಮೆರಿಕದಲ್ಲಿ ಹುಟ್ಟಿತು. ವಿದ್ಯುತ್ ಯಂತ್ರಗಳಲ್ಲಿ ಬಳಸುತ್ತಿದ್ದ ಅಭ್ರಕ, ಅಂದರೆ ಮೈಕಾ, ಅದಕ್ಕೆ ಬದಲಿಯಾಗಿ ಮಾಡಿದ್ದರಿಂದ ಅದಕ್ಕೆ ಫಾರ್ಮೈಕಾ ಅಂತ ಹೆಸರು ಬಂತು.

ಅದೇ ವಿದ್ಯೆಯನ್ನು ಮೇಜಿನಿಂದ ನೆಲಕ್ಕೆ ಇಳಿಸಿದ್ದು ಸ್ವೀಡನ್ ದೇಶದ ಪರ್ಸ್ಟಾರ್ಪ್ ಕಂಪನಿ, 1977ರಲ್ಲಿ. ಪರ್ಗೋ ಅನ್ನುವ ಹೆಸರಿನಲ್ಲಿ ಅದು ಯುರೋಪು, ಅಮೆರಿಕಗಳಲ್ಲಿ ಮಾರಾಟವಾಯಿತು. ಮೊದಮೊದಲು ಹಲಗೆಗಳನ್ನು ಅಂಟು ಹಾಕಿ ಜೋಡಿಸಬೇಕಿತ್ತು. 1990ರ ದಶಕದ ಕೊನೆಯಲ್ಲಿ ಅಂಟಿಲ್ಲದೆ ಒಂದಕ್ಕೊಂದು ಕೊಕ್ಕೆ ಹಾಕಿ ಕೂರುವ "ಕ್ಲಿಕ್" ಹಲಗೆ ಬಂತು.

ಗಮನಿಸಬೇಕಾದ್ದು ಇಷ್ಟು: ಮೇಲಿನ ಮೈ ಎಷ್ಟೇ ಗಟ್ಟಿಯಿರಲಿ, ಹೊಟ್ಟೆ ಮರದ ನಾರು. ಮೇಲೆ ಚೆಲ್ಲಿದ ನೀರನ್ನು ಒರೆಸಿದರೆ ತೊಂದರೆಯಿಲ್ಲ. ಅಡಿಯಿಂದ ತೇವ ಏರಿದರೆ ಆ ನಾರು ನೀರು ಕುಡಿದು ಉಬ್ಬುತ್ತದೆ. ಮೊದಲು ಸಂದಿನ ಅಂಚು ಏಳುತ್ತದೆ, ಆಮೇಲೆ ಕೊಕ್ಕೆ ಬಿಡುತ್ತದೆ. ಒಮ್ಮೆ ಉಬ್ಬಿದ ಹಲಗೆ ಒಣಗಿದರೂ ಮೊದಲಿನಂತೆ ಆಗೋದಿಲ್ಲ.

ಇದೇ ರಾಜಘಟ್ಟದ ಮಣ್ಣಿನಲ್ಲಿ 2001 ಮತ್ತು 2004ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದವರು ಉತ್ಖನನ ಮಾಡಿದಾಗ ಬೌದ್ಧ ಚೈತ್ಯ, ವಿಹಾರಗಳ ಇಟ್ಟಿಗೆ ಗೋಡೆಗಳ ಅವಶೇಷವೂ ಜೇಡಿಮಣ್ಣಿನ ಹರಕೆ ಬಿಲ್ಲೆಗಳೂ ಸಿಕ್ಕವು. ಒಂದೂವರೆ ಸಾವಿರ ವರ್ಷದ ಆಸುಪಾಸಿನ ಕಾಲದವು. ಇಟ್ಟಿಗೆ, ಮಣ್ಣು ಈ ನೆಲದಡಿ ಇಷ್ಟು ಕಾಲ ಬಾಳಿವೆ. ಒತ್ತಿದ ಮರದ ನಾರಿಗೆ ಒಂದೇ ಮಳೆಗಾಲ ಸಾಕು.

ಬೋರ್‌ವೆಲ್ಲಿನಲ್ಲಿ ನೀರಿಲ್ಲ, ತೇವ ಎಲ್ಲಿಂದ?

"ಸಾವಿರ ಅಡಿ ಕೊರೆದರೂ ನೀರಿಲ್ಲ, ಹತ್ತಡಿ ಕೆಳಗಿನ ಕೋಣೆಗೆ ತೇವ ಎಲ್ಲಿಂದ ಬರ್ತದೆ ಸ್ವಾಮಿ?" ಅನ್ನೋದು ನ್ಯಾಯವಾದ ಪ್ರಶ್ನೆ. ದೊಡ್ಡಬಳ್ಳಾಪುರ ತಾಲ್ಲೂಕು ಅಂತರ್ಜಲ ಅತಿಯಾಗಿ ಬಳಕೆಯಾದ ತಾಲ್ಲೂಕುಗಳ ಸರ್ಕಾರಿ ಪಟ್ಟಿಯಲ್ಲಿ ಸೇರಿದ್ದು. ಆದರೆ ಬೋರ್‌ವೆಲ್ ನೀರು ಬಂಡೆಯ ಬಿರುಕಿನ ನೀರು. ನೆಲಮಾಳಿಗೆಗೆ ಬರುವುದು ಮೇಲ್ಮಣ್ಣಿನ ನೀರು. ಎರಡಕ್ಕೂ ನೇರ ಸಂಬಂಧವಿಲ್ಲ.

ತೇವಕ್ಕೆ ದಾರಿ ನಾಲ್ಕು. ಒಂದು, ಮಳೆ. ಈ ಭಾಗದಲ್ಲಿ ಸೆಪ್ಟೆಂಬರ್, ಅಕ್ಟೋಬರ್ ತಿಂಗಳುಗಳೇ ಜೋರು ಮಳೆಯ ಕಾಲ. ಮಾಳಿಗೆಯ ನೀರು ಗೋಡೆಯ ಬುಡದಲ್ಲೇ ಬಿದ್ದರೆ ಅದು ನೇರ ಕೆಳಗಿನ ಕೋಣೆಯ ಗೋಡೆಗೆ. ಎರಡು, ಮನೆಯದೇ ಸಂಪು. ಮನೆಯ ಮುಂದೆ ನೆಲದೊಳಗೆ ತೊಟ್ಟಿ ಕಟ್ಟಿ ನೀರು ತುಂಬಿಸಿದ್ದರೆ, ಅದಕ್ಕೂ ನೆಲಮಾಳಿಗೆಗೂ ನಡುವೆ ಇರುವುದು ಎರಡು ಮೂರು ಅಡಿ ಮಣ್ಣು ಮಾತ್ರ. ಸಂಪು ಒಸರಿದರೆ ಬೇಸಿಗೆಯಲ್ಲೂ ಗೋಡೆ ತೇವ. ಮೂರು, ಪಕ್ಕದ ಚರಂಡಿ, ಪಾಯಿಖಾನೆ ಗುಂಡಿ. ನಾಲ್ಕು, ಕಣ್ಣಿಗೆ ಕಾಣದ್ದು: ಮಣ್ಣಿನ ತೇವ ಆವಿಯಾಗಿ ಕಾಂಕ್ರೀಟಿನ ಸಣ್ಣ ಸಣ್ಣ ರಂಧ್ರಗಳಲ್ಲಿ ಮೇಲೇರುವುದು. ಕಾಂಕ್ರೀಟು ಕಲ್ಲಿನಂತೆ ಕಂಡರೂ ನೀರಿನ ಆವಿಗೆ ಅದು ಜರಡಿ.

ಇದರ ಮೇಲೆ ಹೊಸ ಕಟ್ಟಡವಾದರೆ ಕಾಂಕ್ರೀಟಿನದೇ ನೀರಿದೆ. ಕ್ಯೂರಿಂಗ್ ಮುಗಿದ ಮೇಲೂ ಇಂಚು ದಪ್ಪಕ್ಕೆ ಸುಮಾರು ಒಂದು ತಿಂಗಳು ಒಣಗಲು ಬೇಕು ಅನ್ನುವುದು ಕೆಲಸದವರ ಅಂದಾಜು. ನಾಲ್ಕಿಂಚಿನ ನೆಲ ಅಂದರೆ ನಾಲ್ಕು ತಿಂಗಳು. ಗಾಳಿಯಾಡದ ಕೋಣೆಗೆ ಇನ್ನೂ ಹೆಚ್ಚು. ಗೃಹಪ್ರವೇಶದ ಮುಹೂರ್ತಕ್ಕೆ ಕಾಂಕ್ರೀಟು ಕಾಯೋದಿಲ್ಲ, ಮುಹೂರ್ತವೇ ಕಾಂಕ್ರೀಟಿಗೆ ಕಾಯಬೇಕು.

ನಾಲ್ಕಾಣೆ ಪರೀಕ್ಷೆ

ತೇವ ಇದೆಯೋ ಇಲ್ಲವೋ ನೋಡಲು ದೊಡ್ಡ ಯಂತ್ರ ಬೇಕಾಗಿಲ್ಲ. ದಪ್ಪ ಪಾಲಿಥೀನ್ ಹಾಳೆ ತನ್ನಿ. ಒಂದೂವರೆ ಅಡಿ ಚೌಕಕ್ಕೆ ಕತ್ತರಿಸಿ, ನೆಲದ ಮೇಲಿಟ್ಟು ನಾಲ್ಕೂ ಅಂಚಿಗೆ ಟೇಪು ಹಾಕಿ ಗಾಳಿಯಾಡದಂತೆ ಮುಚ್ಚಿ. ಅಮೆರಿಕದ ಪರೀಕ್ಷಾ ಕ್ರಮದಲ್ಲಿ ಕನಿಷ್ಠ 16 ಗಂಟೆ ಅಂತಿದೆ, ಎರಡು ದಿನ ಬಿಟ್ಟರೆ ಇನ್ನೂ ಒಳ್ಳೆಯದು. ಆಮೇಲೆ ಹಾಳೆ ಎತ್ತಿ ನೋಡಿ. ಹಾಳೆಯ ಒಳಮೈಯಲ್ಲಿ ಹನಿ ಕಟ್ಟಿದ್ದರೆ, ಅಥವಾ ಅಡಿಯ ಸಿಮೆಂಟು ಸುತ್ತಲಿನದಕ್ಕಿಂತ ಕಪ್ಪಾಗಿದ್ದರೆ, ತೇವ ಏರುತ್ತಿದೆ ಅಂತ ಅರ್ಥ. ಒಂದೇ ಕಡೆ ಅಲ್ಲ, ನಾಲ್ಕೈದು ಕಡೆ ಹಾಕಿ: ಮೂಲೆಯಲ್ಲಿ, ಸಂಪಿನ ಪಕ್ಕದ ಗೋಡೆ ಬುಡದಲ್ಲಿ, ನಡುವೆ.

ಪರೀಕ್ಷೆ ಯಾವಾಗ ಮಾಡುತ್ತೀರಿ ಅನ್ನೋದೇ ಅರ್ಧ ಪರೀಕ್ಷೆ. ಏಪ್ರಿಲ್ ಬಿಸಿಲಲ್ಲಿ ಮಾಡಿ "ಒಣಗಿದೆ" ಅಂದರೆ ಅದಕ್ಕೆ ಬೆಲೆಯಿಲ್ಲ. ನವರಾತ್ರಿ, ದೀಪಾವಳಿ ನಡುವೆ, ಮಳೆ ಬಿದ್ದ ವಾರದಲ್ಲಿ ಮಾಡಬೇಕು. ಜೊತೆಗೆ ಗೋಡೆಯ ಬುಡ ನೋಡಿ. ಬಿಳಿ ಉಪ್ಪು ಹೂ ಬಿಟ್ಟಂತೆ ಕಂಡರೆ, ಬಣ್ಣ ಹಪ್ಪಳದಂತೆ ಎದ್ದಿದ್ದರೆ, ಬಾಗಿಲು ತೆಗೆದೊಡನೆ ಮುಗ್ಗಲು ವಾಸನೆ ಹೊಡೆದರೆ ಪರೀಕ್ಷೆ ಬೇಕಾಗೇ ಇಲ್ಲ, ಉತ್ತರ ಸಿಕ್ಕಾಯಿತು.

ಹಾಳೆ ಒಣಗಿದ್ದ ಮಾತ್ರಕ್ಕೆ ನೂರಕ್ಕೆ ನೂರು ಗೆದ್ದಂತೆಯೂ ಅಲ್ಲ. ಕಾಂಕ್ರೀಟಿನ ಆಳದಲ್ಲಿರುವ ತೇವವನ್ನು ಇದು ಕೆಲವು ಸಲ ತೋರಿಸುವುದಿಲ್ಲ. ದೊಡ್ಡ ಅಂಗಡಿ, ದೊಡ್ಡ ಖರ್ಚು ಅಂದರೆ ಮೀಟರು ಇರುವ ಗುತ್ತಿಗೆದಾರರಿಂದ ನೋಡಿಸುವುದು ಲೇಸು.

ತೇವ ಇದ್ದರೆ ಏನು ಮಾಡೋದು?

ಹಲಗೆಯ ಆಸೆ ಬಿಡೋದು, ಅಷ್ಟೆ. ತೇವದ ನೆಲಕ್ಕೆ ಬೇರೆ ಬಂಧುಗಳಿದ್ದಾರೆ.

ಕಲ್ಲು ಇದೆ. ಸಾದಹಳ್ಳಿ ಕಲ್ಲು ದೇವನಹಳ್ಳಿ ಸೀಮೆಯದೇ. ಕಲಬುರಗಿ ಕಡೆಯ ಶಹಾಬಾದ್ ಕಲ್ಲು, ಆಂಧ್ರದ ಕಡಪ ಕಲ್ಲು ಕೂಡ ಸಿಗುತ್ತವೆ. ಗೋಡೌನಿಗೆ ಇದಕ್ಕಿಂತ ಗಟ್ಟಿ ನೆಲ ಇಲ್ಲ, ಮೂಟೆ ಎಳೆದಾಡಿದರೂ ಚಿಂತೆಯಿಲ್ಲ. ವಿಟ್ರಿಫೈಡ್ ಟೈಲು ತನ್ನ ತೂಕದ ಶೇಕಡ ಅರ್ಧದಷ್ಟು ನೀರನ್ನೂ ಹೀರುವುದಿಲ್ಲ. ಮರದ ಚಿತ್ರವೇ ಬೇಕೆಂದರೆ ಅದೂ ಟೈಲಿನ ಮೇಲೆ ಅಚ್ಚಾಗಿ ಬರುತ್ತದೆ. ಇನ್ನು ಹಳೆಯ ಕಾಲದ ಕೆಂಪು ನೆಲ, ಅಂದರೆ ರೆಡ್ ಆಕ್ಸೈಡ್ ಗಾರೆ. ಅದನ್ನು ತಿಕ್ಕಿ ತಿಕ್ಕಿ ಕನ್ನಡಿ ಮಾಡುವ ಕೈಗಳು ಕಡಿಮೆಯಾಗಿವೆ, ಆದರೆ ಸಿಕ್ಕರೆ ಬಿಡಬೇಡಿ. ಉಬ್ಬುವ ಭಯವಿಲ್ಲ, ಗೆದ್ದಲಿನ ಭಯವಿಲ್ಲ.

ಹಲಗೆಯಂತೆಯೇ ಕ್ಲಿಕ್ ಆಗಿ ಕೂರುವ ಇನ್ನೊಂದು ಸರಕು ಎಸ್‌ಪಿಸಿ. ಹೊಟ್ಟೆಯಲ್ಲಿ ಮರದ ನಾರಿನ ಬದಲು ಸುಣ್ಣಕಲ್ಲಿನ ಪುಡಿ ಮತ್ತು ಪ್ಲಾಸ್ಟಿಕ್ಕು. ನೀರಿಗೆ ಉಬ್ಬುವುದಿಲ್ಲ. ತೇವದ ಅನುಮಾನ ಸ್ವಲ್ಪವಿದ್ದು, ಮರದ ಚೆಂದವೂ ಬೇಕು ಅನ್ನುವವರಿಗೆ ಇದು ನಡುದಾರಿ. ಹಾಗಂತ ನೀರು ಒಸರುವ ನೆಲದ ಮೇಲೆ ಇದನ್ನು ಮುಚ್ಚಿಬಿಟ್ಟರೆ ಅಡಿಯಲ್ಲಿ ಬೂಷ್ಟು ಬೆಳೆದು ವಾಸನೆ ಬರುತ್ತದೆ. ಮುಚ್ಚಿದ ಮಾತ್ರಕ್ಕೆ ತೇವ ಹೋಗಿಲ್ಲ.

ಕಟ್ಟಡ ಇನ್ನೂ ಪಾಯದಲ್ಲಿದೆ ಅನ್ನುವವರೇ ಅದೃಷ್ಟವಂತರು. ಗುಂಡಿ ತೋಡಿದಾಗಲೇ ಹೊರಗಡೆಯಿಂದ ವಾಟರ್ ಪ್ರೂಫಿಂಗ್ ಮಾಡಿಸಬಹುದು. ಅಡಿಗೂ ಗೋಡೆಯ ಹೊರಮೈಗೂ ಶಹಾಬಾದ್ ಕಲ್ಲು ಕೂರಿಸಿ, ಸಂದಿಗೆ ಸಿಮೆಂಟು ತುಂಬಿ, ಕೋಣೆಯನ್ನೇ ಪೆಟ್ಟಿಗೆಯೊಳಗೆ ಇಟ್ಟಂತೆ ಮಾಡುವ "ಬಾಕ್ಸ್" ಪದ್ಧತಿ ಬಹಳ ವರ್ಷದಿಂದ ಬಳಕೆಯಲ್ಲಿದೆ. ಮಣ್ಣು ತುಂಬಿದ ಮೇಲೆ ಒಳಗಡೆಯಿಂದ ಬಳಿಯುವ ಯಾವ ಬಣ್ಣವೂ ಅದಕ್ಕೆ ಸಮವಲ್ಲ.

ಒಣಗಿದ್ದರೆ ಆರಿಸುವುದು ಹೇಗೆ?

ಪರೀಕ್ಷೆಯಲ್ಲಿ ಗೆದ್ದ ಕೋಣೆಗೆ ಧಾರಾಳವಾಗಿ ಹಲಗೆ ಹಾಕಿಸಬಹುದು. ಪೆಟ್ಟಿಗೆಯ ಮೇಲೆ ನಾಲ್ಕು ಸಂಗತಿ ಓದಿ.

ಮೊದಲನೆಯದು ಎಸಿ ಅಂಕಿ. ಇದು ತಣ್ಣನೆ ಗಾಳಿಯ ಎಸಿ ಅಲ್ಲ, ಸವೆತ ತಾಳುವ ದರ್ಜೆ. ಎಸಿ 1ರಿಂದ ಶುರು. ಮನೆಗೆ ಎಸಿ 3 ಸಾಕು. ಗಿರಾಕಿ ಚಪ್ಪಲಿ ಹಾಕಿಕೊಂಡೇ ಓಡಾಡುವ ಅಂಗಡಿಗೆ ಎಸಿ 4, ಎಸಿ 5 ಬೇಕು. ಆದರೆ ಇದು ಮೇಲ್ಮೈಯ ಸವೆತದ ಮಾತು, ನೀರು ತಾಳುವ ಮಾತಲ್ಲ. "ಎಸಿ ಫೈವ್ ಅಣ್ಣ, ಏನೂ ಆಗಲ್ಲ" ಅಂದರೆ ನಂಬಬೇಡಿ.

ಎರಡನೆಯದು ದಪ್ಪ. 8 ಮಿಲಿಮೀಟರ್, 12 ಮಿಲಿಮೀಟರ್ ಸಾಮಾನ್ಯ. ದಪ್ಪ ಹೆಚ್ಚಾದರೆ ಕಾಲಿಗೆ ಗಟ್ಟಿ ಅನ್ನಿಸುತ್ತದೆ, ಸದ್ದು ಕಡಿಮೆ. ನೀರಿನ ಮುಂದೆ ಮಾತ್ರ 12 ಕೂಡ 8ರ ಅಣ್ಣ ಅಷ್ಟೆ. ಮೂರನೆಯದು, ಅಂಚಿಗೆ ಮೇಣ ಅಥವಾ ನೀರು ತಡೆಯುವ ಲೇಪ ಇದೆಯೇ ಅನ್ನೋದು. ನಾಲ್ಕನೆಯದು ಇ1 ಗುರುತು. ಹಲಗೆಯ ರಾಳದಿಂದ ಫಾರ್ಮಾಲ್ಡಿಹೈಡ್ ಅನಿಲ ಸ್ವಲ್ಪ ಸ್ವಲ್ಪವಾಗಿ ಹೊರಬರುತ್ತದೆ, ಅದು ಮಿತಿಯೊಳಗಿದೆ ಅನ್ನುವ ಗುರುತು ಇದು. ಕಿಟಕಿ ಕಮ್ಮಿಯಿರುವ ನೆಲಮಾಳಿಗೆಗೆ, ಅದರಲ್ಲೂ ಮಕ್ಕಳು ಓದಲು ಕೂರುವ ಕಡೆಗೆ, ಇದು ಮುಖ್ಯ.

ಪೆಟ್ಟಿಗೆಯ ಮೇಲೆ ಬರೆದಿರದ ಐದನೆಯದು ಗೆದ್ದಲು. ಕಟ್ಟುವ ಮುಂಚೆ ಪಾಯಕ್ಕೆ ಗೆದ್ದಲು ಔಷಧಿ ಹಾಕುವ ಕ್ರಮಕ್ಕೆ ಐಎಸ್ 6313 ಅನ್ನುವ ಭಾರತೀಯ ಮಾನಕವೇ ಇದೆ. ಕಟ್ಟಿದ ಮೇಲೂ ನೆಲದ ಅಂಚಿನಲ್ಲಿ ತೂತು ಹಾಕಿ ಔಷಧಿ ಬಿಡಬಹುದು. ಹಲಗೆ ಹಾಸಿದ ಮೇಲೆ ಗೆದ್ದಲು ಅಡಿಯಲ್ಲಿ ಏನು ಮಾಡುತ್ತಿದೆ ಅಂತ ಕಣ್ಣಿಗೆ ಕಾಣುವುದಿಲ್ಲ. ಹಾಸುವ ಮುಂಚೆಯೇ ಔಷಧಿ.

ಎಷ್ಟು ಕೊಳ್ಳಬೇಕು? ಲೆಕ್ಕಕ್ಕೆ 12 ಅಡಿ, 15 ಅಡಿಯ ಕೋಣೆ ತೆಗೆದುಕೊಳ್ಳಿ. 180 ಚದರಡಿ. ಕತ್ತರಿಸುವಾಗ ಹಾಳಾಗುವುದಕ್ಕೆ ನೂರಕ್ಕೆ ಹತ್ತು ಸೇರಿಸಿದರೆ 198. ಪೆಟ್ಟಿಗೆಗೆ 20 ಚದರಡಿ ಅಂದರೆ ಹತ್ತು ಪೆಟ್ಟಿಗೆ. ಉಳಿದ ಎರಡು ಮೂರು ಹಲಗೆ ಎಸೆಯಬೇಡಿ. ಮುಂದೆ ಒಂದು ಹಲಗೆ ಕೆಟ್ಟರೆ ಅದೇ ಬಣ್ಣ ಮಾರುಕಟ್ಟೆಯಲ್ಲಿ ಸಿಗುತ್ತದೆ ಅನ್ನುವ ಭರವಸೆಯಿಲ್ಲ.

ಹಾಸುವ ಕ್ರಮ

ಸಾಮಾನು ಬಂದ ದಿನವೇ ಕೆಲಸ ಶುರುಮಾಡಬಾರದು. ಪೆಟ್ಟಿಗೆಗಳನ್ನು ಅದೇ ಕೋಣೆಯಲ್ಲಿ ಮಲಗಿಸಿ 48 ಗಂಟೆ ಬಿಡಬೇಕು. ಕೋಣೆಯ ಹವೆಗೆ ಹಲಗೆ ಹೊಂದಿಕೊಳ್ಳಲಿ ಅಂತ. "ಇವತ್ತೇ ಮುಗಿಸಿಬಿಡ್ತೀವಿ" ಅನ್ನುವ ಕೆಲಸಗಾರನಿಗೆ ಇದನ್ನು ಮೊದಲೇ ಹೇಳಿಡಿ.

ನೆಲ ಮಟ್ಟವಾಗಿರಬೇಕು. ಆರಡಿ ಉದ್ದದ ನೇರ ಪಟ್ಟಿಯನ್ನು ನೆಲದ ಮೇಲಿಟ್ಟರೆ ಅಡಿಯಲ್ಲಿ 3 ಮಿಲಿಮೀಟರಿಗಿಂತ ಹೆಚ್ಚು ಸಂದು ಕಾಣಬಾರದು. ರಸಮಟ್ಟ ಇಟ್ಟು ನೋಡುವಷ್ಟೇ ಇದೂ ಮುಖ್ಯ. ಉಬ್ಬು ಇದ್ದರೆ ಉಜ್ಜಬೇಕು, ತಗ್ಗು ಇದ್ದರೆ ತುಂಬಿ ಒಣಗಿಸಬೇಕು. ಇಲ್ಲದಿದ್ದರೆ ಕಾಲಿಟ್ಟಾಗಲೆಲ್ಲ ನೆಲ ಕಿರ್ ಅನ್ನುತ್ತದೆ, ಕೊಕ್ಕೆ ಮುರಿಯುತ್ತದೆ.

ಕಸ ಗುಡಿಸಿ, ಮೊದಲು ಪಾಲಿಥೀನ್ ಹಾಳೆ. ತೆಳು ಕೈಚೀಲದ ಹಾಳೆಯಲ್ಲ, 200 ಮೈಕ್ರಾನ್ ದಪ್ಪದ್ದು. ಒಂದರ ಮೇಲೊಂದು ಎಂಟಿಂಚು ಹಾಯಿಸಿ, ಟೇಪು ಹಾಕಿ, ಗೋಡೆಯ ಮೇಲೆ ಎರಡಿಂಚು ಮಡಚಿ ಬಿಡಬೇಕು. ಈ ಹಾಳೆ ಆವಿಯನ್ನು ತಡೆಯುತ್ತದೆ, ಹರಿಯುವ ನೀರನ್ನಲ್ಲ. ಅದರ ಮೇಲೆ 2-3 ಮಿಲಿಮೀಟರಿನ ಫೋಮ್. ಅದರ ಮೇಲೆ ಹಲಗೆ.

ಹಲಗೆಯನ್ನು ನೆಲಕ್ಕೆ ಅಂಟಿಸುವುದಿಲ್ಲ, ಮೊಳೆ ಹೊಡೆಯುವುದಿಲ್ಲ. ಅದು ತೇಲುವ ನೆಲ. ಹವೆಗೆ ತಕ್ಕಂತೆ ಹಿಗ್ಗುತ್ತದೆ, ಕುಗ್ಗುತ್ತದೆ. ಆದ್ದರಿಂದ ಗೋಡೆಯ ಸುತ್ತ, ಕಂಬದ ಸುತ್ತ, ಬಾಗಿಲ ಚೌಕಟ್ಟಿನ ಬಳಿ 8ರಿಂದ 10 ಮಿಲಿಮೀಟರ್ ಸಂದು ಬಿಡಲೇಬೇಕು. ನೋಡೋಕೆ ಚೆನ್ನಾಗಿರಲಿ ಅಂತ ಗೋಡೆಗೆ ಒತ್ತಿ ಕೂರಿಸಿದರೆ ಮಳೆಗಾಲದಲ್ಲಿ ಹಿಗ್ಗಲು ಜಾಗವಿಲ್ಲದೆ ನಡುವೆ ಒಂಟೆಯ ಡುಬ್ಬದಂತೆ ಏಳುತ್ತದೆ. ಬೇಸಿಗೆಯಲ್ಲಿ ಹಾಸಿದ ನೆಲಕ್ಕಂತೂ ಈ ಸಂದು ಜೀವಾಳ, ಯಾಕೆಂದರೆ ಹಾಸುವಾಗ ಹಲಗೆ ಕುಗ್ಗಿದ ಸ್ಥಿತಿಯಲ್ಲಿರುತ್ತದೆ. ಸಂದನ್ನು ಸ್ಕರ್ಟಿಂಗ್ ಪಟ್ಟಿ ಮುಚ್ಚುತ್ತದೆ. ಆ ಪಟ್ಟಿಯ ಮೊಳೆ ಗೋಡೆಗೆ, ನೆಲಕ್ಕಲ್ಲ.

ಇಟ್ಟಿಗೆ ಕಟ್ಟುವಾಗ ಮೇಲಿನ ಸಾಲಿನ ಸಂದು ಕೆಳಗಿನ ಸಂದಿನ ಮೇಲೆ ಬರಬಾರದು ಅಂತ ಇದೆಯಲ್ಲ, ಇಲ್ಲೂ ಹಾಗೇ. ಪಕ್ಕಪಕ್ಕದ ಸಾಲಿನ ಸಂದುಗಳ ನಡುವೆ ಒಂದಡಿಯಾದರೂ ಅಂತರವಿರಲಿ. ಬೆಳಕು ಬರುವ ದಿಕ್ಕಿಗೆ ಉದ್ದ ಹಾಸಿದರೆ ಸಂದು ಕಾಣುವುದಿಲ್ಲ.

ಕಾಲ ಯಾವುದು? ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆ ಕಳೆದ ಮೇಲೆ ಯುಗಾದಿಯವರೆಗೆ ಗಾಳಿ ಒಣಗಿರುತ್ತದೆ. ಪರೀಕ್ಷೆ ಮಳೆಯಲ್ಲಿ, ಕೆಲಸ ಬಿಸಿಲಲ್ಲಿ. ಇದೊಂದೇ ಸೂತ್ರ ನೆನಪಿಟ್ಟರೆ ಸಾಕು.

ಬಕೆಟ್ಟು ನೀರು ಸುರಿಯುವ ಹಾಗಿಲ್ಲ

ಶುಕ್ರವಾರ ಬಂತೆಂದರೆ ಬಕೆಟ್ಟಿನ ನೀರು ಸುರಿದು ಪೊರಕೆಯಲ್ಲಿ ತೊಳೆಯುವ ಅಭ್ಯಾಸ ಈ ಕಡೆ ಮನೆಗಳಲ್ಲಿದೆ. ಹಬ್ಬ ಬಂದರೆ ಹೇಳೋದೇ ಬೇಡ. ಹಲಗೆ ನೆಲಕ್ಕೆ ಆ ಭಾಗ್ಯವಿಲ್ಲ. ಹಿಂಡಿದ ಬಟ್ಟೆಯಲ್ಲಿ ಒರೆಸಬೇಕು, ಅಷ್ಟೆ. ಮನೆಯ ಹೆಂಗಸರನ್ನು ಕೇಳದೆ ಗಂಡಸರು ಅಂಗಡಿಗೆ ಹೋಗಿ ಬಣ್ಣ ಆರಿಸಿ ಬಂದರೆ ತೊಳೆಯುವ ದಿನ ಜಗಳ ಖಚಿತ.

ಮಗ್ಗದ ಮನೆಗಳಿಗೆ ಬೇರೆ ಮಾತು. ದೊಡ್ಡಬಳ್ಳಾಪುರ ವಿದ್ಯುತ್ ಮಗ್ಗಗಳ ಊರು. ಮಗ್ಗದ ಅದುರಾಟ, ಎಣ್ಣೆ, ಭಾರ, ಈ ಮೂರಕ್ಕೂ ತೇಲುವ ಹಲಗೆ ನೆಲ ಹೊಂದುವುದಿಲ್ಲ. ಮಗ್ಗದಡಿಗೆ ಕಾಂಕ್ರೀಟು ಅಥವಾ ಕಲ್ಲು.

ಬಾಡಿಗೆ ಅಂಗಡಿಯವರಿಗೆ ಒಂದು ಅನುಕೂಲ ಇದೆ. ಟೈಲು ಹಾಕಿಸಿದರೆ ಅಂಗಡಿ ಬಿಡುವಾಗ ಅದು ಮಾಲೀಕರ ಪಾಲು. ತೇಲುವ ಹಲಗೆಯನ್ನು ಬಿಚ್ಚಿ ತೆಗೆದುಕೊಂಡು ಹೋಗಬಹುದು. ಆದರೆ ಒಸರುವ ಗೋಡೆಯ ದುರಸ್ತಿ ಯಾರದು ಅನ್ನೋದು ಕರಾರು ಪತ್ರದಲ್ಲಿ ಬರೆದಿರಲಿ. ಅಡ್ವಾನ್ಸು ಕೊಡುವ ಮುಂಚೆ ಪಾಲಿಥೀನ್ ಹಾಳೆಯ ಪರೀಕ್ಷೆ ಮಾಡಿಕೊಳ್ಳುವುದಕ್ಕೆ ಯಾವ ಮಾಲೀಕರೂ ಬೇಡ ಅನ್ನಬಾರದು. ಬೇಡ ಅಂದರೆ ಅದೂ ಒಂದು ಉತ್ತರವೇ.

ನೆಲಕ್ಕಿಂತ ದೊಡ್ಡದು ಜೀವ

ಇಷ್ಟೆಲ್ಲ ಹಲಗೆಯ ಮಾತಾಯಿತು. ಕೆಳಗಡೆ ಕೋಣೆಯಲ್ಲಿ ಮನುಷ್ಯರನ್ನು ಕೂರಿಸುವ ಮುಂಚೆ ಇನ್ನೊಂದು ಮಾತಿದೆ. 2022ರ ಸೆಪ್ಟೆಂಬರ್ ಮೊದಲ ವಾರದ ಮಳೆಗೆ ಬೆಂಗಳೂರಿನ ಹೊರವರ್ತುಲ ರಸ್ತೆ ಕಡೆಯ ಶ್ರೀಮಂತರ ಬಡಾವಣೆಗಳಲ್ಲೇ ನೆಲಮಾಳಿಗೆಗಳು ತುಂಬಿ ಕಾರುಗಳು ಮುಳುಗಿದವು. ದೆಹಲಿಯ ಓಲ್ಡ್ ರಾಜೇಂದ್ರ ನಗರದಲ್ಲಿ 2024ರ ಜುಲೈ 27ರಂದು ಕೋಚಿಂಗ್ ಕೇಂದ್ರವೊಂದರ ನೆಲಮಾಳಿಗೆಗೆ ಮಳೆ ನೀರು ನುಗ್ಗಿ ಮೂವರು ವಿದ್ಯಾರ್ಥಿಗಳು ಸತ್ತರು. ಆ ಕೋಣೆಗೆ ಅನುಮತಿ ಇದ್ದದ್ದು ವಾಹನ ನಿಲ್ಲಿಸಲು, ಸಾಮಾನು ಇಡಲು. ನಡೆಯುತ್ತಿದ್ದದ್ದು ಗ್ರಂಥಾಲಯ.

ಹೊಳೆಯುವ ನೆಲ ಹಾಕಿದೊಡನೆ ಗೋಡೌನು "ಓದುವ ಕೋಣೆ" ಆಗಿಬಿಡುತ್ತದೆ. ಅದಕ್ಕೆ ಎರಡನೆಯ ಬಾಗಿಲು ಇದೆಯೇ? ಕಿಟಕಿ ಇದೆಯೇ? ರಸ್ತೆಯ ನೀರು ಮೆಟ್ಟಿಲಿಳಿದು ಬರದಂತೆ ಮುಂದೆ ಕಟ್ಟೆ ಇದೆಯೇ? ಕರೆಂಟು ಹೋದಾಗ ನೀರೆತ್ತುವ ಮೋಟಾರಿಗೆ ದಾರಿ ಇದೆಯೇ? ಮಂಜೂರಾದ ಪ್ಲಾನಿನಲ್ಲಿ ಆ ಕೋಣೆ ಏನೆಂದು ಇದೆ? ಬಣ್ಣ ಆರಿಸುವ ಮುಂಚೆ ಇವಕ್ಕೆ ಉತ್ತರ ಬೇಕು.

ಕೆಟ್ಟರೆ ಕೇಳೋದು ಯಾರನ್ನ?

ನೆಲ ಎದ್ದ ಮೇಲೆ ನಡೆಯುವ ನಾಟಕ ಎಲ್ಲರಿಗೂ ಗೊತ್ತು. ಅಂಗಡಿಯವರು ಹಾಸಿದವನ ಕಡೆ ಕೈ ತೋರಿಸುತ್ತಾರೆ. ಹಾಸಿದವನು ಮೇಸ್ತ್ರಿ ಕಡೆ. ಮೇಸ್ತ್ರಿ ಮಳೆ ಕಡೆ. ವಾರಂಟಿ ಕಾಗದದಲ್ಲಿ ಹತ್ತು ಹದಿನೈದು ವರ್ಷ ಅಂತ ದಪ್ಪ ಅಕ್ಷರದಲ್ಲಿದ್ದರೆ, ಅಡಿಯಿಂದ ಬಂದ ತೇವಕ್ಕೆ ಹೊಣೆಯಿಲ್ಲ ಅಂತ ಸಣ್ಣ ಅಕ್ಷರದಲ್ಲಿ ಇರುವುದೇ ಹೆಚ್ಚು.

ಆದ್ದರಿಂದ ಜಿಎಸ್‌ಟಿ ಬಿಲ್ಲು ತೆಗೆದುಕೊಳ್ಳಿ. ಬಿಲ್ಲಿನ ಮೇಲೆ "ನೆಲಮಾಳಿಗೆಗೆ" ಅಂತ ಬರೆಸಿ. ಹಾಸುವ ಮುಂಚೆ ತೇವ ಪರೀಕ್ಷೆ ಮಾಡಿದ ದಿನದ ಫೋಟೋ ಇರಲಿ. ಹಾಳೆ, ಫೋಮ್, ಅಂಚಿನ ಸಂದು, ಇವುಗಳ ಫೋಟೋ ಕೂಡ. ಸರಕಿನಲ್ಲೋ ಕೆಲಸದಲ್ಲೋ ದೋಷವಿದ್ದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗಬಹುದು. ಎರಡು ವರ್ಷದೊಳಗೆ ದೂರು ಕೊಡಬೇಕು. ಕೊಟ್ಟ ಹಣ 5 ಲಕ್ಷ ರೂಪಾಯಿ ದಾಟದಿದ್ದರೆ ದೂರಿಗೆ ಶುಲ್ಕವೇ ಇಲ್ಲ. ವಕೀಲರು ಬೇಕೇ ಬೇಕು ಅನ್ನುವ ಕಡ್ಡಾಯವೂ ಇಲ್ಲ.

ಆಯೋಗದ ಮೆಟ್ಟಿಲು ಹತ್ತುವುದಕ್ಕಿಂತ ಒಂದೂವರೆ ಅಡಿ ಪಾಲಿಥೀನ್ ಹಾಳೆ ಅಗ್ಗ. ಅದನ್ನು ನೆಲಕ್ಕೆ ಅಂಟಿಸಿ ಎರಡು ದಿನ ಕಾಯುವ ತಾಳ್ಮೆ ಇದ್ದವರಿಗೆ, ಮಳೆಗಾಲದ ರಾತ್ರಿ ನಿದ್ದೆ ಚೆನ್ನಾಗಿ ಬರುತ್ತದೆ.